ಕೂದಲೆಳೆ ಸರಿದ ಬೆಳಕು

"ನನ್ನ ಕನ್ನಡಿ ಮುಟ್ಟಿದ್ದು ಯಾರು?"

ಬೆಳಿಗ್ಗೆ ಒಂಬತ್ತಕ್ಕೆ ಅರ್ಗಿರೋ ಸಿಡುಕಿದಾಗ ಲ್ಯಾಬಿನಲ್ಲಿದ್ದವನು ಮನೂಸೋಸ್ ಒಬ್ಬನೇ. ತಿಂಗಳ ಹಿಂದಷ್ಟೇ ಹಾನ್ಯಾ ಊರಿನಿಂದ ಹೆರಾಕ್ಲಿಯೋನಿನ ಈ ಲ್ಯಾಬಿಗೆ ಬಂದವನು. ಅವನ ಕಿವಿ ಕೆಂಪಾಯಿತು, ಕಣ್ಣು ನೆಲ ನೋಡಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು.

ಅವಳ ಸಂಕಟ ಸಣ್ಣದಲ್ಲ. ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ಎಲ್ಲ ಕಡೆಯಿಂದಲೂ ತಡೆದು, ಇನ್ನಿಲ್ಲದಷ್ಟು ತಣ್ಣಗೆ ಮಾಡಿ, ಎರಡು ಬೆಳಕಿನ ಗೆರೆಗಳು ಕೂಡುವಲ್ಲಿ ಕೂರಿಸಬೇಕು. ಕೂತರೆ ಲಕ್ಷ ಪರಮಾಣುಗಳು ತಂತಮ್ಮ ಓಟ ಮರೆತು ಒಂದೇ ಜೀವದಂತೆ ತೂಗುತ್ತವೆ. ಗೆರೆಯ ದಿಕ್ಕು ಹಿಡಿಯುವ ಕನ್ನಡಿ ಅಲುಗಿ, ಗೆರೆ ಕೂದಲೆಳೆಯಷ್ಟು ಸರಿದರೂ ಒಂದೂ ಕೂರದು. ಥೀಸಿಸ್‌ಗೆ ಉಳಿದದ್ದು ಮೂರೇ ವಾರ. ದಿನಾ ಅದನ್ನು ಸರಿಪಡಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು.

ಅವನನ್ನು ಕಂಡರೆ ಆಗದು ಎಂದೇನಲ್ಲ. ಮಬ್ಬು ಕೆಂಪು ಬೆಳಕಿನಲ್ಲಿ ಅವನ ತೋಳು ತಗುಲಿದರೆ ಅವಳ ಲೆಕ್ಕ ತಪ್ಪುತ್ತಿತ್ತು. ಅದಕ್ಕೇ ಕೋಪ ಇಮ್ಮಡಿ. ಪ್ರೊಫೆಸರ್ ಹತ್ತಿರ ಹೋಗಿ, "ಅವನನ್ನ ಬೇರೆ ಲ್ಯಾಬಿಗೆ ಹಾಕಿ ಮೇಡಂ" ಎಂದಳು. "ಸರಿ, ಸೋಮವಾರದಿಂದ" ಎಂದರು ಅವರು.

ಕಣ್ಣಾರೆ ಹಿಡಿಯಬೇಕೆಂದು ಶುಕ್ರವಾರ ಏಳಕ್ಕೇ ಬಂದಳು. ಮನೂಸೋಸ್ ಬೆವರುತ್ತ, ಉಸಿರು ಬಿಗಿಹಿಡಿದು ಕನ್ನಡಿಯ ತಿರುಪು ತಿರುಗಿಸುತ್ತಿದ್ದ.

"ಸಿಕ್ಕಿಬಿದ್ಯಾ!"

"ಬಯ್ಬೇಡ ಮಾರಾಯ್ತಿ. ಬೆಳಿಗ್ಗೆ ಗೆರೆ ಸರಿದಿರುತ್ತೆ. ನೀನು ಬರೋದ್ರೊಳಗೆ ಸರಿ ಮಾಡಿಡೋಣ ಅಂತ…"

"ಏಸಿ ಎಷ್ಟಕ್ಕೆ ಶುರು?"

"ಎಂಟಕ್ಕೆ."

"ಸೆಕೆಗೆ ಸರಿದಿದ್ದು, ಕೋಣೆ ತಣ್ಣಗಾದ್ರೆ ತಾನಾಗೇ ಬಂದು ಕೂಡುತ್ತೆ ಕಣೋ ದಡ್ಡ! ನೀನು ಸರಿ ಮಾಡಿದ್ದಕ್ಕೇ ದಿನಾ ಕೆಡ್ತಿರೋದು."

ಅವನು ಕನ್ನಡಿ ನೋಡಿದ, ಅವಳನ್ನು ನೋಡಿದ, ತಲೆ ಮೇಲೆ ಕೈ ಹೊತ್ತ.

"ಯಾಕೆ ಮಾಡ್ದೆ?" ಅವಳ ದನಿ ತಗ್ಗಿತ್ತು.

"ಮಧ್ಯಾಹ್ನದ ಹೊತ್ತಿಗಾದ್ರೂ ನೀನು ನಗೋದನ್ನ ನೋಡ್ಬೇಕಿತ್ತು. ನಂಗೆ ನೀನಂದ್ರೆ ತುಂಬಾ ಇಷ್ಟ, ಅರ್ಗಿರೋ."

"ನಿನ್ನನ್ನ ಇಲ್ಲಿಂದ ಕಳಿಸಿ ಅಂತ ಮೇಡಂಗೆ ಹೇಳ್ಬಿಟ್ಟಿದೀನಿ."

ಅವನ ಮುಖ ಬಾಡಿತು. "ನ್ಯಾಯವೇ. ಕೆಡಿಸಿದ್ದು ನಾನೇ ಅಲ್ವಾ."

ಅವಳು ಅಲ್ಲೇ ನಿಂತು ಫೋನ್ ಮಾಡಿದಳು. "ಮೇಡಂ, ಮನೂಸೋಸ್‌ನ ಎಲ್ಲಿಗೂ ಹಾಕ್ಬೇಡಿ."

ನಿದ್ದೆಗಣ್ಣಿನ ದನಿ ಕೇಳಿತು: "ಯಾಕಮ್ಮಾ, ಲ್ಯಾಬಿಗೆ ಬೇಕಾ?"

"ನಂಗೆ ಬೇಕು."

ಎಂಟಕ್ಕೆ ಏಸಿ ಗುಂಯ್ಗುಟ್ಟಿತು. ಕೋಣೆ ತಣಿಯುವವರೆಗೆ ಇಬ್ಬರೂ ಗೋಡೆಗೊರಗಿ, ಭುಜಕ್ಕೆ ಭುಜ ತಾಗಿಸಿ, ಕನಸಿನಲ್ಲೆಂಬಂತೆ ಕೂತರು. ಆಮೇಲೆ ಅವನು ಬೆಳಿಗ್ಗೆ ತಿರುಗಿಸಿದ್ದ ತಿರುಪನ್ನು ಕೂಡಿಯೇ ಹಿಂದಕ್ಕೆ ತಿರುಗಿಸಿದರು. ಹತ್ತರ ಹೊತ್ತಿಗೆ ಪರದೆಯ ನಡುವೆ ಸಣ್ಣ ಚುಕ್ಕಿಯೊಂದು ಬೆಳಗಿತು. ಲಕ್ಷ ಪರಮಾಣುಗಳು ಒಂದಾಗಿ ಕೂತ, ನಾಲ್ಕು ವರ್ಷ ಅವಳು ಕಾದಿದ್ದ ಚುಕ್ಕಿ. ನೋಟ್‌ಬುಕ್ಕಿನಲ್ಲಿ ಸಮಯ ಬರೆಯಬೇಕಿತ್ತು, ಅವನ ಕೈ ಬಿಡಲು ಮನಸ್ಸಾಗಲಿಲ್ಲ. ಎಡಗೈಯಲ್ಲೇ ಸೊಟ್ಟಸೊಟ್ಟಗೆ ಬರೆದಳು.