ಪಕ್ಕದ ಸೀಟು

ಇದು ನಡೆದದ್ದು ಹಾಡುಹಗಲಲ್ಲಿ. ನನ್ನ ಷಡ್ಡಕ ಕಾರಿನ ದೋಷ ಹೇಳುವ ಸ್ಕ್ಯಾನರ್ ಕೊಂಡನೆಂಬ ಹೊಟ್ಟೆಕಿಚ್ಚಿಗೆ ನಾನೂ ಒಂದು ತಂದೆ. ಅವನದು ಎಂಜಿನ್ ಮಾತ್ರ ಓದುತ್ತಿತ್ತು. ನಾನು ಆರಿಸಿದ್ದು ಸೀಟು, ಬೆಲ್ಟುಗಳನ್ನೂ ಓದುವಂಥದ್ದು. ಅವನೆದುರೇ ನನ್ನ ಕಾರಿಗೆ ಸಿಕ್ಕಿಸಿದೆ. ಪಕ್ಕದ ಸೀಟಿನಲ್ಲಿ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ತೋರಿಸಿತು. ಸೀಟು ಖಾಲಿಯಿತ್ತು. ಮುಟ್ಟಿದರೆ, ಬಿಸಿಲಿಗೆ ಕಾದ ಕಾರಿನಲ್ಲಿ ಅದೊಂದೇ ತಣ್ಣಗಿತ್ತು.

“ಸೆನ್ಸರ್ ಕೆಟ್ಟಿರುತ್ತೆ ಬಿಡಿ ಭಾವ,” ಎಂದು ಷಡ್ಡಕ ನಕ್ಕ. “ನನ್ನ ಕಾರಲ್ಲಿ ಕೂತು ನೋಡಿ. ಕೂತವರಿಗೆ ಏಳೋಕೇ ಮನಸ್ಸು ಬರಲ್ಲ.”

ಬೆಲ್ಟ್ ಹಾಕಿಕೊಂಡು ಒಬ್ಬನೇ ಹೊರಟ. ತಿರುವು ದಾಟುವವರೆಗೂ ಅವನ ಕಾರಿನಿಂದ ಬೆಲ್ಟಿನ ಬೀಪ್ ಕೇಳುತ್ತಲೇ ಇತ್ತು. ನನ್ನ ಸ್ಕ್ಯಾನರ್ ಈಗ ಸೀಟು ಖಾಲಿ ಎಂದಿತು. ಮುಟ್ಟಿದೆ, ಕೈ ಸುಟ್ಟಿತು. ನಿಜ ಹೇಳುತ್ತೇನೆ, ಹೆದರಿಕೆಯಾಗಲಿಲ್ಲ. ಅದಕ್ಕೂ ಅವನ ಕಾರೇ ಬೇಕಾಯಿತೇ ಎಂದು ಹೊಟ್ಟೆ ಉರಿಯಿತು.