ಹನ್ನೊಂದರಿಂದ ನಾಲ್ಕರವರೆಗೆ

"ಮುಖಕ್ಕೆ ಏನು ಹಾಕಿ ತೊಳೀತೀರಿ?"

"ಟರ್ಪಂಟೈನ್."

ನರ್ಸ್ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ತಲೆ ಎತ್ತಿ ನೋಡಿದಳು. ಎದುರು ಕೂತವನ ಕೆನ್ನೆ ಕೆಂಪಗೆ ಸುಲಿದಿದೆ, ಹುಬ್ಬಿನ ಪಕ್ಕ ಸಿಪ್ಪೆ ಎದ್ದಿದೆ, ಕಿವಿಯ ಹಿಂದೆ ಹಸಿರು ಬಣ್ಣದ ಒಂದು ಚುಕ್ಕೆ.

"ಗೋಡೆಗೆ ಹಾಕೋದನ್ನ ಮುಖಕ್ಕೆ ಹಾಕ್ಕೊಳ್ತೀರಾ?"

"ಗೋಡೆಗೆ ಹಾಕೋದು ಬಣ್ಣ. ಟರ್ಪಂಟೈನ್ ಅದನ್ನ ತೆಗೆಯೋಕೆ," ಎಂದು ಅವನು ಶಾಂತವಾಗಿ ತಿದ್ದಿದ. "ನಾನು ಅಂಗಡಿ ಬೋರ್ಡು ಬರೆಯೋನು. ಸಂಜೆ ಹೊತ್ತಿಗೆ ಅರ್ಧ ಬೋರ್ಡು ನನ್ನ ಮುಖದ ಮೇಲೇ ಇರುತ್ತೆ."

ಕಾಯುತ್ತ ಕುಳಿತಿದ್ದವರು ನಕ್ಕರು. ಅವಳಿಗೆ ಸಿಟ್ಟು ಬಂತು. ದೇವರು ಮನುಷ್ಯನಿಗೆ ತೊಡಿಸಿ ಕಳಿಸಿದ ಮೊದಲ ಬಟ್ಟೆ ಚರ್ಮ. ಅದನ್ನು ಹೀಗೆ ಹರಿದುಕೊಂಡು ಬಂದವರನ್ನು ಕಂಡರೆ ಅವಳಿಗೆ ಯಾವಾಗಲೂ ಸಿಟ್ಟೇ. ಆದರೆ ಈ ಸಲದ ಸಿಟ್ಟು ಯಾಕೋ ಮನೆಯವರೆಗೂ ಜೊತೆಯಲ್ಲೇ ಬಂತು...

ಆ ಚರ್ಮದ ಕ್ಲಿನಿಕ್ಕಿನ ಡಾಕ್ಟರಮ್ಮ ವಯಸ್ಸಾದವರು. ಮುಲಾಮು ಕಡಿಮೆ, ಅಭ್ಯಾಸ ಮುಖ್ಯ ಅನ್ನುವವರು. ಹತ್ತು ಮಾತು ಒಟ್ಟಿಗೆ ಹೇಳಿದರೆ ಜನ ಒಂದನ್ನೂ ಮಾಡುವುದಿಲ್ಲ, ವಾರಕ್ಕೊಂದೇ ಹೇಳಬೇಕು ಎನ್ನುವುದು ಅವರ ಪದ್ಧತಿ. ಆ ಒಂದನ್ನು ಚೀಟಿಯಲ್ಲಿ ಬರೆದು, ಓದಿ ಹೇಳಿ, ಕೈಗೆ ಕೊಡುವುದು ನರ್ಸಿನ ಕೆಲಸ. ಹೊರಗಿನ ಮೇಜಿನಲ್ಲಿ ಅವಳು ಕೂರುವುದು ಹನ್ನೊಂದರಿಂದ ನಾಲ್ಕರವರೆಗೆ. ಆಮೇಲೆ ಸಂಜೆಯ ನರ್ಸ್ ಬರುತ್ತಾಳೆ.

ಅವನ ಮೊದಲ ಚೀಟಿಯಲ್ಲಿ ಬರೆದಳು: ಬಣ್ಣ ಬಿಡಿಸಲು ಅಡುಗೆ ಎಣ್ಣೆ. ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ದಿನಕ್ಕೆ ಎರಡೇ ಸಲ. ಉಜ್ಜಬೇಡಿ, ಒತ್ತಿ ಒರೆಸಿ.

ಅವನು ಅದನ್ನು ಎರಡು ಸಲ ಓದಿದ. "ಅಕ್ಷರ ದುಂಡಗಿದೆ. ಗಿರಾಕಿಗಳು ಹೀಗೆ ಬರೆದುಕೊಟ್ರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಅವರು ಬರೆದುಕೊಟ್ಟಿದ್ದನ್ನ ನಾನು ಹಾಗೇ ಬರೀತೀನಿ. ಒಬ್ಬರು 'ಹಾಲು ಸಿಗುತ್ತದೆ' ಅನ್ನೋದಕ್ಕೆ 'ಹಲ್ಲು ಸಿಗುತ್ತದೆ' ಅಂತ ಬರೆದುಕೊಟ್ಟಿದ್ರು. ಹಾಗೇ ಬರೆದೆ."

"ಒಂದು ಮಾತು ಕೇಳಬಾರದಿತ್ತಾ?"

"ದಂತವೈದ್ಯರು ಅಂದ್ಕೊಂಡೆ."

ಈ ಸಲ ಅವಳು ನಕ್ಕಳು. ತಡೆಯಲು ನೋಡಿದಳು, ಆಗಲಿಲ್ಲ.

ಎರಡನೆಯ ವಾರದ ಚೀಟಿ, ಹತ್ತು ಗಂಟೆಗೆ ನಿದ್ದೆ.

"ಹತ್ತಕ್ಕೆ ಮಲಗಿದ್ರೆ ಅಮ್ಮ ಜ್ವರ ಬಂದಿದೆ ಅಂದ್ಕೋತಾರೆ."

"ಅಂದ್ಕೊಳ್ಳಲಿ ಬಿಡಿ."

ಮೂರನೆಯ ವಾರ, ಕೈ ಮುಖಕ್ಕೆ ಹೋಗಬಾರದು.

"ಸೊಳ್ಳೆ ಕೂತ್ರೆ?"

"ಬಂದವರಿಗೆ ಕೂತ್ಕೊಳ್ಳಿ ಅನ್ನಬೇಕಪ್ಪ."

ಅವನ ಕೆನ್ನೆಯ ಕೆಂಪು ಇಳಿಯಿತು. ಅವಳ ಕೆನ್ನೆಗೆ ಏರತೊಡಗಿತು. ಅವನು ಬರುವ ಬುಧವಾರ ಬಂತೆಂದರೆ ಬಾಗಿಲ ಕಡೆಗೇ ಕಿವಿ. 'ಇದೇನಿದು, ಈ ವಯಸ್ಸಿನಲ್ಲಿ...' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಮೂವತ್ತೆರಡು ಅಂಥ ವಯಸ್ಸೇನಲ್ಲ. ಆದರೆ ಅವಳ ಲೆಕ್ಕ ಬೇರೆ ಇತ್ತು.

ಬಿರುಬೇಸಿಗೆಯಲ್ಲೂ ಅವಳ ಕೊರಳಿಗೆ ಒಂದು ಹತ್ತಿಯ ಶಾಲು ಸುತ್ತಿರುತ್ತಿತ್ತು. ಅದರ ಕೆಳಗೆ, ಕಿವಿಯಿಂದ ಹೆಗಲಿನವರೆಗೆ, ಅಂಗೈಯಗಲದ ಬಿಳಿ ಮಚ್ಚೆ. ಒಂಬತ್ತು ವರ್ಷದವಳಿದ್ದಾಗ ಬಂದದ್ದು. ಇದು ರೋಗಿಯ ತಪ್ಪಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ ಎಂದು ದಿನಾ ಹತ್ತು ಜನಕ್ಕೆ ಹೇಳುತ್ತಾಳೆ. ಹನ್ನೊಂದನೆಯವಳಾಗಿ ತನಗೆ ಮಾತ್ರ ಹೇಳಿಕೊಂಡಿರಲಿಲ್ಲ. ಎರಡು ಸಂಬಂಧದವರು ಬಂದು, ವಿಷಯ ತಿಳಿದು, "ಆಮೇಲೆ ತಿಳಿಸ್ತೀವಿ" ಎಂದು ಹೋಗಿದ್ದರು. ಇನ್ನೂ ತಿಳಿಸುತ್ತಲೇ ಇದ್ದಾರೆ.

ನಾಲ್ಕನೆಯ ಬುಧವಾರ ಅವನು ಬಂದಾಗ, ಅವಳು ಕೈಮೇಲೆ ಅಂಥದ್ದೇ ಮಚ್ಚೆಯಿದ್ದ ಒಬ್ಬ ಅಜ್ಜನಿಗೆ ಹೇಳುತ್ತಿದ್ದಳು, "ಬಿಳಿ ಆದ ಜಾಗ ಬಿಸಿಲಿಗೆ ಬೇಗ ಸುಡುತ್ತೆ ಅಜ್ಜ, ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ." ಹೇಳುತ್ತಲೇ ಮೇಲಿನ ಕಪಾಟಿನಿಂದ ಚೀಟಿಯ ಕಟ್ಟು ತೆಗೆಯಲು ಕೈ ಚಾಚಿದಳು. ಶಾಲು ಜಾರಿ ನೆಲಕ್ಕೆ ಬಿತ್ತು.

ತಿರುಗಿದಾಗ ಬೋರ್ಡಿನವನ ಕಣ್ಣು ಅವಳ ಕೊರಳ ಮೇಲಿತ್ತು. ಒಂದು ಕ್ಷಣ, ಅಷ್ಟೇ. ಅವನು ತಲೆ ತಗ್ಗಿಸಿದ.

ಅವಳು ಶಾಲು ಎತ್ತಿ ಬಿಗಿಯಾಗಿ ಸುತ್ತಿಕೊಂಡಳು. ಏನೋ ಒಂದು ಸಾಲು ಗೀಚಿ, ಓದಿ ಹೇಳದೆ, ಮುಖ ನೋಡದೆ ಕೊಟ್ಟುಬಿಟ್ಟಳು. ಅವನು ಓದಿದ. ಮತ್ತೊಮ್ಮೆ ಓದಿದ. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ಹೋದ.

ಮುಂದಿನ ಬುಧವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

"ನಿನ್ನ ಟರ್ಪಂಟೈನ್ ಈಗ ನನ್ನ ಪಾಳಿಗೆ ಬರ್ತಾನೆ ಕಣೇ," ಎಂದಳು ಸಂಜೆಯ ನರ್ಸ್. "ಸರಿಯಾಗಿ ನಾಲ್ಕೂ ಐದಕ್ಕೆ. ಚೀಟಿ ತಗೊಳ್ತಾನೆ, ನಿನ್ನ ಕುರ್ಚಿ ಒಂದು ಸಲ ನೋಡ್ತಾನೆ, ಹೋಗ್ತಾನೆ. ಜಗಳ ಗಿಗಳ ಆಡಿದ್ಯಾ?"

"ನಾನ್ಯಾಕೆ ಜಗಳ ಆಡಲಿ?"

ಕುರ್ಚಿ ನೋಡುತ್ತಾನೆ... ಅಂದರೇನು? ತಾನಿಲ್ಲ ಎಂದು ಬೇಸರವೋ, ಇಲ್ಲವೆಂದು ನೆಮ್ಮದಿಯೋ? ಬೇಸರವಾದರೆ ಹಗಲು ಬರಬಹುದಲ್ಲ. ನೆಮ್ಮದಿಯಾದರೆ ಕುರ್ಚಿಯನ್ನಾದರೂ ಯಾಕೆ ನೋಡಬೇಕು? ಎತ್ತ ತಿರುಗಿಸಿದರೂ ದಾರದ ತುದಿ ಸಿಗಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಹಳೆಯ ಉತ್ತರವೇ. ನೋಡಿದ, ಹೋದ. ಎಲ್ಲರ ಹಾಗೆ.

ಅವನು ಹಗಲು ಬರದ ಮೂರನೆಯ ವಾರ ಅವಳು ಡಾಕ್ಟರಮ್ಮನ ಮುಂದೆ ನಿಂತಳು. "ನನಗೆ ಒಳಗಿನ ಔಷಧಿ ಕೋಣೆಯ ಕೆಲಸ ಕೊಡಿ. ಹೊರಗೆ ಜನರ ಮುಂದೆ ಕೂರೋಕೆ ಇನ್ನು ಆಗಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಯಾರ ಮುಂದೆ?"

ಅವಳು ಎಲ್ಲ ಹೇಳಿದಳು. ಅಳಬಾರದೆಂದುಕೊಂಡೇ ಅತ್ತಳು.

"ಅವನನ್ನ ಕೇಳಿದ್ಯಾ?"

"ಏನಂತ ಕೇಳಲಿ ಅಮ್ಮ? ನನ್ನ ಮಚ್ಚೆ ನೋಡಿ ಹೇಸಿಗೆ ಆಯ್ತಾ ಅಂತಲಾ?"

"ಹಾಗೇ ಕೇಳು." ಅವರು ಕುರ್ಚಿ ತೋರಿಸಿ ಕೂರಿಸಿದರು. "ನಮ್ಮ ಯಜಮಾನರು ಹೋಗಿ ಆರು ವರ್ಷ ಆಯ್ತು. ಅವರನ್ನ ಕೇಳಬೇಕು ಅಂತ ಮನಸ್ಸಲ್ಲಿಟ್ಟುಕೊಂಡ ಮಾತು ಎಷ್ಟೋ ಇದ್ವು. ನಾಳೆ ಕೇಳಿದ್ರಾಯ್ತು ಅಂದ್ಕೊಂಡೆ. ಈಗ ಬೆಳಗ್ಗೆ ದೇವರ ಮುಂದೆ ಕೂತು ಕೇಳ್ತೀನಿ. ದೇವರು ಕೇಳಿಸ್ಕೋತಾನೆ. ಆದ್ರೆ ಉತ್ತರ ಹೇಳಬೇಕಾದವರು ಅವರು... ಒಳಗಿನ ಕೋಣೆ ಎಲ್ಲೂ ಓಡಿಹೋಗಲ್ಲ. ಕೇಳಿದ ಮೇಲೂ ಬೇಕು ಅನಿಸಿದ್ರೆ ಸೋಮವಾರದಿಂದ ಅಲ್ಲೇ ಕೂತ್ಕೋ."

ಅಂದು ಪಾಳಿ ಮುಗಿಸಿ ಅವಳು ಅವನನ್ನು ಹುಡುಕುತ್ತ ಹೊರಟಳು. ಎರಡು ಬೀದಿ ಆಚೆ, ಹೊಸ ಚಪ್ಪಲಿ ಅಂಗಡಿಯ ಮುಂದೆ ಅವನು ಏಣಿ ಹತ್ತಿ ನಿಂತಿದ್ದ. ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ. ಅವಳನ್ನು ಕಂಡು ಕುಂಚ ಕೈಯಲ್ಲೇ ಹಿಡಿದು ಇಳಿದು ಬಂದ. ಮುಖದ ಚರ್ಮ ಪೂರ್ತಿ ವಾಸಿಯಾಗಿತ್ತು. ಆದರೆ ಮುಖದಲ್ಲಿ ಕಳೆಯಿರಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ," ಎಂದಳು. "ಹಗಲು ಬರೋದು ಯಾಕೆ ಬಿಟ್ರಿ?"

ಅವನು ಗೊಂದಲದಿಂದ ನೋಡಿದ. "ನೀವೇ ಹೇಳಿದ್ರಲ್ಲ."

"ನಾನು ಏನು ಹೇಳಿದೆ?"

"ಹೇಳಲಿಲ್ಲ. ಬರೆದುಕೊಟ್ರಿ." ಅಂಗಿಯ ಜೇಬಿನಿಂದ ಮಡಿಸಿದ ಚೀಟಿ ತೆಗೆದು ಕೊಟ್ಟ.

ಅವಳದೇ ದುಂಡು ಅಕ್ಷರ, ಅವಸರದಲ್ಲಿ ಗೀಚಿದ್ದು: ಹನ್ನೊಂದರಿಂದ ನಾಲ್ಕರವರೆಗೆ ಬರಬೇಡಿ.

ಅವಳು ಓದಿದಳು. ಏನಿದು ಎಂದು ಮತ್ತೆ ಓದಿದಳು.

"ಬಿಸಿಲಿಗೆ," ಎಂದಳು.

"ಏನು?"

"ಬಿಸಿಲಿಗೆ ಬರಬೇಡಿ ಅಂತ... ಆ ಹೊತ್ತಿನ ಬಿಸಿಲು ಚರ್ಮಕ್ಕೆ ಒಳ್ಳೇದಲ್ಲ. ಎಲ್ಲರಿಗೂ ನಾಲ್ಕನೇ ವಾರ ಅದನ್ನೇ ಬರೆಯೋದು. 'ಬಿಸಿಲಿಗೆ' ಅನ್ನೋದೇ ಬಿಟ್ಟುಹೋಗಿದೆ."

ಇಬ್ಬರೂ ಚೀಟಿಯನ್ನೇ ನೋಡುತ್ತ ನಿಂತರು. ಅವನ ಕುಂಚದಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

"ನೀವು ಕೂರೋ ಹೊತ್ತು ಅದೇ," ಎಂದ ಅವನು ನಿಧಾನವಾಗಿ. "ನಾನು ಹಾಗೆ ನೋಡಿದ್ದು ನಿಮಗೆ ಹಿಡಿಸಲಿಲ್ಲ, ಅದಕ್ಕೇ ಬರಬೇಡಿ ಅಂದ್ರಿ ಅಂದ್ಕೊಂಡೆ. ನೋಡಿದ್ದು ತಪ್ಪೇ."

ಕೇಳಬೇಕಾದದ್ದು ಇದೇ ಈಗ. ಅವಳು ಕೇಳಿಯೇಬಿಟ್ಟಳು. "ನೋಡಿ ಏನಂದ್ಕೊಂಡ್ರಿ?"

"ಆ ಅಜ್ಜನಿಗೆ ಅಷ್ಟು ಚೆನ್ನಾಗಿ ಹೇಳ್ತಿದ್ರಿ, ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತೆ, ಜೋಪಾನ ಅಂತ. ಇವರಿಗೆ ಇದನ್ನ ಯಾರು ಹೇಳ್ತಾರೆ ಅಂದ್ಕೊಂಡೆ."

"ಅಷ್ಟೇನಾ?"

"ಇನ್ನೂ ಒಂದಿತ್ತು. ನಾನು ಹೇಳಬಹುದಾ ಅಂತ... ದಿನಾ."

ಇಪ್ಪತ್ತಮೂರು ವರ್ಷ ಮುಚ್ಚಿಟ್ಟದ್ದನ್ನು ನೋಡಿದ ಒಬ್ಬನಿಗೆ ಹೊಳೆದದ್ದು ಇಷ್ಟೇ, ಜೋಪಾನ ಎನ್ನುವವರು ಬೇಕು ಎಂದು. ಕಣ್ಣು ತುಂಬಿ ಬೀದಿಯೆಲ್ಲ ಮಸುಕಾಯಿತು. 'ಭಗವಂತ, ಒಂದು ಪದ ಬಿಟ್ಟಿದ್ದಕ್ಕೆ ಮೂರು ವಾರವೇ...'

"ಅಮ್ಮ ಆವತ್ತಿಂದ ಹೇಳ್ತಾನೇ ಇದ್ದಾರೆ," ಎಂದ ಅವನು. "'ಹೋಗಿ ಕೇಳೋ ದಡ್ಡ, ಯಾಕೆ ಬರಬೇಡ ಅಂದ್ರಿ ಅಂತ.' ನನಗೇ ಧೈರ್ಯ ಬರಲಿಲ್ಲ."

"ಅಮ್ಮನಿಗೆ ನನ್ನ ವಿಷಯ ಹೇಳಿದೀರಾ?"

"ಹೇಳದೆ ಹತ್ತು ಗಂಟೆಗೆ ಮಲಗೋಕೆ ಆಗುತ್ತಾ? ಯಾರ ಮಾತಿಗೆ ಇಷ್ಟು ಸರಿಹೋದೆ ಅಂತ ಕೇಳಿ ಕೇಳಿ ಬಾಯಿ ಬಿಡಿಸಿದ್ರು."

ಅವಳು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಡೀರಿ."

"ಎಲ್ಲಿಗೆ?"

"ನಿಮ್ಮ ಅಮ್ಮನ ಹತ್ರ. ತಪ್ಪು ನನ್ನದು ಅಂತ ನಾನೇ ಹೇಳ್ತೀನಿ."

"ಈಗಲೇನಾ? ಇನ್ನೂ ಎರಡು ಅಕ್ಷರ ಉಳಿದಿದೆ."

"ಬರೀರಿ."

"ಹೊತ್ತಾಗುತ್ತೆ."

"ಆಗಲಿ," ಎಂದು ಅವಳು ಏಣಿಯ ಬುಡಕ್ಕೆ ಬಂದು ನಿಂತಳು. "ನಾನು ಏಣಿ ಹಿಡ್ಕೋತೀನಿ."