ಎದುರು ಸೀಟಿನ ಎರಡನೆಯ ಕಣ್ಣು

ಬಂಗಾರಪೇಟೆಯಲ್ಲಿ ರೈಲು ಹತ್ತಿದ ಅರುಣಕುಮಾರಿ ಕಿಟಕಿ ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ, ಎದುರಿಗೆ ಕೂತಿದ್ದ ಮುನಿರಾಜುವಿನ ಕೈಗೆ ಕೊಟ್ಟಳು. ಹಿಂದಿನ ಕೋರಮಂಡಲ್ ಸ್ಟೇಷನ್ನಿನಲ್ಲೇ ಹತ್ತುವ ಅವನು ದಿನವೂ ಅವಳಿಗೆಂದು ಆ ಜಾಗ ಹಿಡಿದಿಡುತ್ತಿದ್ದ. ಇಬ್ಬರೂ ಲ್ಯಾಪ್‌ಟಾಪ್ ತೆರೆದರು. ಆಮೇಲೆ ಮಾತಿಲ್ಲ.

ಪಕ್ಕದಲ್ಲಿದ್ದ ಕೋದಂಡಪ್ಪ ವೈಟ್‌ಫೀಲ್ಡಿನ ಕಾರ್ಖಾನೆಗೆ ಇದೇ ರೈಲಿನಲ್ಲಿ ಓಡಾಡಿ ತಲೆ ನರೆಸಿಕೊಂಡವನು. ಬಹಳ ದಿನ ತಡೆದುಕೊಂಡಿದ್ದ, ಅಂದು ಆಗಲಿಲ್ಲ.

"ಅಲ್ಲಮ್ಮಾ, ಗಂಡ ಎಂಡ್ತಿ ಜಗಳ ಮನೇಲಿರ್ಬೇಕು. ರೈಲ್ನಾಗೂ ಇಂಗೆ ಮೊಕ ಗಂಟಾಕ್ಕೊಂಡು ಕೂತ್ರೆ ಎಂಗೆ?"

ಅರುಣ ಬೆಚ್ಚಿದಳು. "ಅಯ್ಯೋ, ನಾವು ಗಂಡ ಹೆಂಡ್ತಿ ಅಲ್ಲಣ್ಣ. ಒಂದೇ ಕಡೆ ಕೆಲ್ಸ, ಅಷ್ಟೇ."

"ಮತ್ತೆ ಮಾತ್ಯಾಕಿಲ್ಲ?"

"ಆಡಂಗಿಲ್ಲ. ಕೆಲ್ಸಾನೇ ಅಂಥದ್ದು," ಅಂದ ಮುನಿರಾಜು.

ಸುಳ್ಳಲ್ಲ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವಳು ಪಿಎಚ್.ಡಿ. ಮಾಡುತ್ತಿದ್ದಳು, ಅವನು ಪ್ರಾಜೆಕ್ಟ್ ಸಹಾಯಕ. ಬಾಹ್ಯಾಕಾಶದ ದೂರದರ್ಶಕವೊಂದು ಆಕಾಶದ ಒಂದೇ ಚೂರನ್ನು ಗಂಟೆಗಟ್ಟಲೆ ದಿಟ್ಟಿಸಿ, ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರ ತೆಗೆದಿತ್ತು. ಅದರಲ್ಲಿ ಅತಿ ದೂರದ ಗೆಲಾಕ್ಸಿಗಳನ್ನು ಆರಿಸಬೇಕು. ನಿಜವಾಗಿಯೂ ದೂರದ್ದಾದರೆ ಉದ್ದ ಅಲೆಯ ಬೆಳಕಿನ ಚಿತ್ರದಲ್ಲಿ ಮಂಕು ಚುಕ್ಕೆಯಾಗಿ ಕಾಣುತ್ತದೆ, ಗಿಡ್ಡ ಅಲೆಯದರಲ್ಲಿ ಪೂರ್ತಿ ಮಾಯ. ದೂಳು ಕವಿದ ಹತ್ತಿರದ ಗೆಲಾಕ್ಸಿಯೂ ಒಮ್ಮೊಮ್ಮೆ ಹೀಗೆಯೇ ಮೋಸ ಮಾಡುತ್ತದೆ. ಹಾಗಾಗಿ ಪ್ರತಿ ಚುಕ್ಕೆಗೂ ಇಬ್ಬರು ಬೇರೆ ಬೇರೆಯಾಗಿ ಹೌದು, ಇರಬಹುದು, ಅಲ್ಲ ಎಂದು ಗುರುತು ಹಾಕಬೇಕು. ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ತಿಳಿಯಕೂಡದು.

"ಅದಕ್ಯಾಕೆ ಇಬ್ರು?" ಅಂದ ಕೋದಂಡಪ್ಪ.

"ಒಬ್ರಿಗೆ ಆಸೆ ಜಾಸ್ತಿಯಾದ್ರೆ ಇನ್ನೊಬ್ರು ತಡೀಬೇಕಲ್ಲಣ್ಣ," ಅಂದಳು ಅರುಣ.

ಅವಳಿಗೊಂದು ಆಸೆಯಿತ್ತು. ಹಿಂದಿನ ವಾರ ಮಾಲೂರು ದಾಟುವಾಗ ಒಂದು ಚುಕ್ಕೆ ಬಂದಿತ್ತು. ಮಸುಕಾಗಿ, ಒಂದು ಕಡೆಗೆ ತುಸು ಚಾಚಿಕೊಂಡು. ಅದು ನಿಜವಾಗಿದ್ದರೆ ವಿಶ್ವ ಇನ್ನೂ ಎಳೆಯದಾಗಿದ್ದಾಗ ಹೊರಟ ಬೆಳಕು. ಅವಳ ಪ್ರಬಂಧದ ಮುಖ್ಯ ಅಧ್ಯಾಯ. ಅವಳು ಹೌದು ಎಂದು ಒತ್ತಿದ್ದಳು. ಅವನೂ ಹೌದು ಎಂದೇ ಒತ್ತಿದ್ದನೆಂದು ಆಮೇಲೆ ಗೊತ್ತಾಯಿತು. ಆ ಚುಕ್ಕೆಯ ಬೆಳಕನ್ನು ಬಿಡಿಸಿ ದೂರವನ್ನು ಖಚಿತ ಮಾಡಿಕೊಳ್ಳಲು ದೂರದರ್ಶಕದ ಸಮಯ ಕೇಳೋಣವೆಂದು ಅವಳ ಗೈಡ್ ಲಕ್ಷ್ಮೀದೇವಿ ಮೇಡಂ ಹೇಳಿದ್ದರು.

ಅರುಣ ಬೂದಿಕೋಟೆಯವಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಅದೇ ದಾರಿಯಲ್ಲಿ ಬಸ್ಸು ಹಿಡಿದು ರೈಲಿಗೆ ಬರುವವಳು. ದುಪ್ಪಟ್ಟಾಕ್ಕೆ ಕೆಲವೊಮ್ಮೆ ಸೀಮೆಹುಲ್ಲಿನ ಎಳೆ ಅಂಟಿರುತ್ತಿತ್ತು. ಮುನಿರಾಜು ಅದನ್ನು ನೋಡುತ್ತಿದ್ದ, ತೆಗೆಯಿರಿ ಎಂದು ಹೇಳುತ್ತಿರಲಿಲ್ಲ. ಲ್ಯಾಪ್‌ಟಾಪಿನ ಅಂಚಿನ ಮೇಲೆ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವಳು ತಲೆಯೆತ್ತಿದರೆ ಕೆಳಗೆ ಮುಳುಗುತ್ತಿದ್ದವು. ಅವಳಿಗೆ ಗೊತ್ತಿತ್ತು. ಬೇಕೆಂದೇ ಒಮ್ಮೊಮ್ಮೆ ತಟ್ಟನೆ ತಲೆಯೆತ್ತುತ್ತಿದ್ದಳು.

ಅಂದು ಮಧ್ಯಾಹ್ನ ಮೇಡಂ ಇಬ್ಬರನ್ನೂ ಕರೆಸಿದರು.

"ಆಫೀಸಲ್ಲಿ ಬೇರೆ ಬೇರೆ ರೂಮಲ್ಲಿ ಕೂತು ಮಾಡಿದ ಚಿತ್ರಗಳಲ್ಲಿ ನಿಮ್ಮಿಬ್ಬರ ಗುರುತಿಗೂ ಎಷ್ಟೋ ಕಡೆ ವ್ಯತ್ಯಾಸ ಇದೆ. ಇರಬೇಕಾದ್ದೇ. ರೈಲಲ್ಲಿ ಮಾಡಿದ್ದರಲ್ಲಿ ಒಂದೂ ಇಲ್ಲ. ಮಾತಾಡಿಕೊಂಡು ಮಾಡಿದ್ರಾ?"

"ಇಲ್ಲ ಮೇಡಂ! ಒಂದು ಮಾತೂ ಆಡಿಲ್ಲ," ಅಂದಳು ಅರುಣ. ಮುಖ ಕೆಂಪಾಯಿತು. ಮುನಿರಾಜು ನೆಲ ನೋಡುತ್ತಿದ್ದ.

ಸಂಜೆಯ ರೈಲಿನಲ್ಲಿ ಅವಳಿಗೆ ಸಿಟ್ಟು ಇಳಿದಿರಲಿಲ್ಲ. "ಬಾಯೇ ಬಿಡ್ದೆ ಇರೋರಿಗೆ ಮಾತಾಡಿದ್ರಿ ಅಂದ್ರೆ?"

"ಎಲ್ಲಾನೂ ಬಾಯಲ್ಲೇ ಆಡ್ಬೇಕೇನಮ್ಮಾ?" ಕೋದಂಡಪ್ಪ ಕಡ್ಲೆಕಾಯಿ ಸುಲಿಯುತ್ತ ನಕ್ಕ. "ನಾನು ದಿನಾ ನೋಡ್ತಿಲ್ವಾ? ನೀನು ಮೂಗು ಮುರಿದ್ರೆ ಈಯಪ್ಪ ಒಂದು ಗುಂಡಿ ಒತ್ತತಾನೆ, ನೀನು ನಕ್ರೆ ಇನ್ನೊಂದು. ನಿನ್ ಮೊಕಾನೇ ಆ ಉಡುಗಂಗೆ ಟಿವಿ."

ಇಬ್ಬರ ಲ್ಯಾಪ್‌ಟಾಪಿನಲ್ಲೂ ಚಿತ್ರಗಳು ಒಂದೇ ಕ್ರಮದಲ್ಲಿ, ಒಂದಾದ ಮೇಲೊಂದು ಬರುತ್ತಿದ್ದವು. ಇಬ್ಬರೂ ರೈಲು ಹೊರಟೊಡನೆ ಶುರು ಮಾಡುತ್ತಿದ್ದರು. ಅರುಣ ಮುನಿರಾಜುವಿನ ಕಡೆ ತಿರುಗಿದಳು. ಅವನ ಕಿವಿಗಳು ಕೆಂಪಗಿದ್ದವು.

"ಬೇಕಂತ ಮಾಡ್ಲಿಲ್ಲ," ಅಂದ. "ಎಲ್ಲಾ ಇನ್ನೊಂದ್ಸಲ ನೋಡ್ತೀನಿ. ಬೇರೆ ಬೋಗೀಲಿ."

ಮರುದಿನ ಅವಳ ಸೀಟಿನ ಮೇಲೆ ಅವನ ಟವಲ್ ಮಾತ್ರ ಇತ್ತು. "ಸೀಟು ಕಾಯ್ತಿರು ಅಂತ ನಂಗೇಳ್ಬಿಟ್ಟು ಇಂದ್ಗಡೆ ಡಬ್ಬಿಗೆ ಓದ," ಅಂದ ಕೋದಂಡಪ್ಪ. ಎದುರು ಸೀಟಿನಲ್ಲಿ ಯಾರೋ ತಲೆ ವಾಲಿಸಿ ನಿದ್ದೆ ಮಾಡುತ್ತಿದ್ದರು. ಟೇಕಲ್, ಮಾಲೂರು. ಅವಳು ಬೇಕೆಂದೇ ತಲೆಯೆತ್ತಲು ಕಾರಣವಿರಲಿಲ್ಲ.

ಮೇಡಂ ಕ್ರಮ ಬದಲಿಸಿ ಕೊಟ್ಟಿದ್ದ ಚಿತ್ರಗಳನ್ನು ಅವನು ಆ ವಾರವೆಲ್ಲ ನೋಡಿದ. ಶುಕ್ರವಾರ ಸಂಜೆ ಹೊರಡುವಾಗ ಮೇಡಂ ಅರುಣಳಿಗೆ ಹೇಳಿದರು. ಬಹಳಷ್ಟು ಚುಕ್ಕೆಗಳು ಪಟ್ಟಿಯಲ್ಲಿ ಉಳಿದಿವೆ. ಅವಳ ಚುಕ್ಕೆಗೆ ಅವನು ಅಲ್ಲ ಎಂದಿದ್ದಾನೆ.

ರೈಲಿನಲ್ಲಿ ಅವಳು ಆ ಚಿತ್ರವನ್ನು ಮತ್ತೆ ತೆರೆದಳು. ಗಿಡ್ಡ ಅಲೆಯದನ್ನು ಸಾಧ್ಯವಾದಷ್ಟೂ ಬೆಳಗಿಸಿದಳು. ಏನೂ ಇರಬಾರದಿದ್ದ ಜಾಗದಲ್ಲಿ ಬೂದಿ ಒರೆಸಿದ ಹಾಗೆ ಒಂದು ಕಲೆ ಇತ್ತು. ಮೊದಲೂ ಇತ್ತು. ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ನೋಡಿದಳು. ಟೊಮೇಟೊ ಕ್ರೇಟುಗಳನ್ನು ಟೆಂಪೋಗೆ ತುಂಬುತ್ತಿದ್ದರು.

ಬಂಗಾರಪೇಟೆಯಲ್ಲಿ ಇಳಿದು ಹಿಂದಿನ ಬೋಗಿಯ ಕಡೆ ನಡೆದಳು. ಅವನು ಆಗಲೇ ಪ್ಲಾಟ್‌ಫಾರಂಗೆ ಇಳಿದು ನಿಂತಿದ್ದ.

"ನೀವು ಹಾಕಿದ್ದು ಸರಿ," ಅಂದಳು. "ಮೊದಲ್ನೇ ಸಲ ಹೌದು ಅಂತ ಯಾಕೆ ಹಾಕಿದ್ರಿ?"

"ನೀವು ನಕ್ಕಿದ್ರಿ."

"ಏನು?"

"ಅದನ್ನ ನೋಡಿ ಹಿಂದಕ್ಕೆ ಒರಗಿದ್ರಿ. ಮತ್ತೆ ಬಗ್ಗಿ ನೋಡಿ ನಕ್ಕಿದ್ರಿ. ಆವತ್ತು ನಾನು ಗೆಲಾಕ್ಸಿ ನೋಡ್ಲೇ ಇಲ್ಲ."

ಗಾರ್ಡು ಸೀಟಿ ಊದಿದ. ಬೋಗಿಗಳು ಜಗ್ಗಿದವು.

"ನಿಮ್ ಗಾಡಿ ಹೊರಡ್ತೈತೆ," ಅಂದಳು ಅರುಣ.

"ಓಗ್ಲಿ ಬಿಡಿ."

ಕೋದಂಡಪ್ಪ ಕಿಟಕಿಯಿಂದ ಕೈ ಹೊರಗೆ ಚಾಚಿ, "ಹತ್ತೋ ಮಾರಾಯಾ!" ಎಂದು ಕೂಗಿಕೊಂಡೇ ಮುಂದೆ ಹೋದ. ರೈಲು ಹೋದ ಮೇಲೆ ಹಳಿಗಳಾಚೆ ಸಂಜೆಯ ಕೊನೆಯ ಬಿಸಿಲು ಕಂಡಿತು.

"ನನ್ನ ಚಾಪ್ಟರ್ ಹೋಗ್ತದೆ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು. ಒತ್ತುವಾಗ ಕೈ ಬರ್ಲಿಲ್ಲ. ಆದ್ರೆ ಸುಳ್ಳು ಹಾಕ್ಬಿಟ್ಟು ನಿಮ್ಮೆದುರಿಗೆ ಎಂಗೆ ಬಂದು ಕೂತ್ಕೊಳ್ಲಿ?"

ಅರುಣ ಅವನನ್ನೇ ನೋಡಿದಳು. ಈ ಸಲ ಅವನ ಕಣ್ಣು ಕೆಳಗಿಳಿಯಲಿಲ್ಲ. ಅವಳು ಬ್ಯಾಗಿನಿಂದ ಫೋನ್ ತೆಗೆದಳು.

"ಮೇಡಂ, ಅರುಣ. ಸೋಮವಾರದಿಂದ ಎರಡನೇ ಗುರುತಿಗೆ ಬೇರೆ ಯಾರನ್ನಾದ್ರೂ ನೋಡ್ತೀರಾ? ಮುನಿರಾಜು ಅವರಿಗೆ ಬೇರೆ ಕೆಲ್ಸ ಕೊಡಿ... ಇಲ್ಲ ಮೇಡಂ, ಚುಕ್ಕೆಗೋಸ್ಕರ ಅಲ್ಲ. ಜಗಳಾನೂ ಇಲ್ಲ. ಇನ್ಮೇಲೆ ನಮ್ಮನ್ನ ಇಬ್ರು ಅಂತ ಲೆಕ್ಕ ಹಿಡಿಯೋಕೆ ಆಗಲ್ಲ, ಅದಕ್ಕೆ."

ಆ ಕಡೆ ಮೇಡಂ ನಕ್ಕು, ಅವನು ಒಪ್ಪಿದ್ದಾನಾ ಎಂದು ಕೇಳಿದರು.

"ಅವರ್ನ ಇನ್ನೂ ಕೇಳಿಲ್ಲ ಮೇಡಂ. ಇಲ್ಲೇ ನಿಂತಿದ್ದಾರೆ. ಕೇಳಿ ಹೇಳ್ತೀನಿ."

ಅವಳು ಫೋನ್ ಕೆಳಗಿಳಿಸುವ ಮೊದಲೇ ಮುನಿರಾಜು ತಲೆಯಾಡಿಸಿದ್ದ.